ಅಕ್ಕ ಮಾತು ಮುಗಿಸುವ ತನಕ

ಏಳು ಬೆಟ್ಟಗಳಾಚೆ ಸೋನೆಗಿರಿ ಎಂಬ ರಾಜ್ಯ. ಬಹಳ ಕಾಲದ ಹಿಂದೆ ಅಲ್ಲಿ ಬೊಮ್ಮರಸನೆಂಬ ನೇಕಾರ ತರುಣನಿದ್ದ. ಯಾರು ಬಾಯಿ ತೆರೆದರೂ "ಗೊತ್ತು ಬಿಡು" ಎಂದು ಅವರ ಮಾತನ್ನು ತಾನೇ ಮುಗಿಸುವುದು ಅವನ ಚಾಳಿ. ಗೆಳೆಯರು ಒಬ್ಬೊಬ್ಬರಾಗಿ ದೂರವಾದರು. ಉಳಿದವಳು ಅಕ್ಕ ಸಿದ್ದಲೆ ಒಬ್ಬಳೇ.

ಆ ರಾಜ್ಯದ ಗಡಿಯಲ್ಲಿ ಜಡೆಮಾರನೆಂಬ ಮಾಂತ್ರಿಕನಿದ್ದ. ಯಾರಿಗೂ ಹೇಳಲಾಗದ ಮಾತು ಎದೆಯಲ್ಲಿ ತುಂಬಿಕೊಂಡವರನ್ನು ಕಲ್ಲಾಗಿಸಿ ಕೋಟೆ ಕಟ್ಟುತ್ತಿದ್ದ. ಒಂದು ಬೆಳಗ್ಗೆ ಸಿದ್ದಲೆ ಮನೆಯಲ್ಲಿರಲಿಲ್ಲ. ಮಾಂತ್ರಿಕ ಅವಳನ್ನೂ ಒಯ್ದನೆಂದು ಊರವರು ಹೇಳಿದರು.

ಬೊಮ್ಮರಸ ಒಬ್ಬನೇ ಉಂಡ, ಒಬ್ಬನೇ ನೇಯ್ದ. ಕೊನೆಗೆ ತಡೆಯಲಾರದೆ ಕೋಟೆಯ ದಾರಿ ಹಿಡಿದ.

ಮೊದಲ ಬಾಗಿಲಲ್ಲಿ ಮುದಿ ಆಮೆ. "ನನ್ನ ಕತೆ ಪೂರ್ತಿ ಕೇಳು, ಬಾಗಿಲು ತೆರೆಯುತ್ತೇನೆ. ನಾನು... ಮೊಟ್ಟೆಯೊಳಗೆ..."

"ಗೊತ್ತು ಬಿಡು, ಒಡೆದುಕೊಂಡು ಬಂದೆ!"

"ಹಾಗಾದರೆ ನೀನೇ ಹೇಳಿಕೋ ಮಾರಾಯ." ಆಮೆ ತಲೆ ಒಳಗೆಳೆದುಕೊಂಡು ಮಲಗಿತು.

ಅದು ಏಳುವವರೆಗೂ ಬೊಮ್ಮರಸ ಕಾದ. ಈ ಸಲ ಮಾತು ಹೊರಬರದಂತೆ ಬಾಯಿ ತುಂಬ ನೀರು ತುಂಬಿಕೊಂಡು ಕುಳಿತ. ಆಮೆಯ ಕತೆ ಮುಗಿಯಿತು, ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಗಿಳಿ. "ಬಂದನಪ್ಪ ಸರ್ವಜ್ಞಾನಿ! ಊರಿನ ಕತ್ತೆಯೂ ಇವನನ್ನು ಕಂಡರೆ ದಾರಿ ಬಿಡುತ್ತದಂತೆ, ಭಯಕ್ಕಲ್ಲ, ಬೇಸರಕ್ಕೆ!" ಅವನ ಕಿವಿ ಕೆಂಪಾಯಿತು, ನೀರು ಉಗುಳಲಿಲ್ಲ. ಬೈದು ಬೈದು ದಣಿದ ಗಿಳಿ ದಾರಿ ಬಿಟ್ಟಿತು.

ಮೂರನೆಯ ಬಾಗಿಲಲ್ಲಿ ಜಡೆಮಾರನೇ ನಿಂತಿದ್ದ. "ನೀರು ಉಗುಳು. ಬರಿಬಾಯಲ್ಲಿ ಕೇಳು, ನೋಡೋಣ" ಎಂದು ನಕ್ಕ. ಬೊಮ್ಮರಸ ನೀರು ಉಗುಳಿದ.

ಗೋಡೆಯ ಒಂದು ಕಲ್ಲು ಮಾತಾಡಿತು. ಅಕ್ಕನ ದನಿ.

"ತಮ್ಮಾ, ಅಮ್ಮ ಹೋದ ದಿನ..."

'ಗೊತ್ತು ಬಿಡು' ನಾಲಗೆ ತುದಿಗೆ ಬಂದೇ ಬಂತು. ಬೊಮ್ಮರಸ ನುಂಗಿಕೊಂಡ.

"...ನನಗೆ ಅಳು ಬರಲಿಲ್ಲ ಕಣೋ. ನಿನ್ನನ್ನು ಹೇಗೆ ಸಾಕಲಿ ಅನ್ನುವ ಹೆದರಿಕೆ. ಆಮೇಲೆ ನಿನಗೆ ಹೇಳಬೇಕೆಂದು ಎಷ್ಟು ಸಲ ಹೊರಟೆ. ಒಂದೇ ಒಲೆಯ ಅನ್ನ ಉಂಡರೂ ನಾನು ಒಂಟಿಯಾಗಿಬಿಟ್ಟೆ."

ದನಿ ನಿಂತಿತು. 'ನಾನೇನು ಬೇಕೆಂದು ಮಾಡಿದೆನೇ' ಎನ್ನುವ ಮಾತು ಗಂಟಲಿನವರೆಗೆ ಬಂದಿತ್ತು. ಅವನಿಗೆ ಇದೆಲ್ಲ ನಿಜಕ್ಕೂ ಗೊತ್ತಿರಲಿಲ್ಲ. ಸುಮ್ಮನೆ ನಿಂತ.

ಬಹಳ ಹೊತ್ತಿನ ಮೇಲೆ ಕಲ್ಲು ಅಳತೊಡಗಿತು. ಆ ಅಳುವನ್ನೂ ಅವನು ಪೂರ್ತಿ ಕೇಳಿದ.

ಕಲ್ಲು ಬಿರಿದು ಅಕ್ಕ ಹೊರಬಂದಳು. ಪಕ್ಕದ ಕಲ್ಲುಗಳೂ ಬಿರಿದವು. ಕೋಟೆ ಕುಸಿಯಿತು, ಜಡೆಮಾರ ಬೂದಿಯಾಗಿ ಗಾಳಿಗೆ ಹಾರಿಹೋದ. ಕಲ್ಲಾಗಿದ್ದವರೆಲ್ಲ ಮಾತಾಡುತ್ತ ಮಾತಾಡುತ್ತ ಊರು ಸೇರಿ ಸುಖವಾಗಿ ಬಾಳಿದರು.

ಚಾಳಿ ಒಂದೇ ಸಲಕ್ಕೆ ಹೋಗಲಿಲ್ಲ. ಆಗಾಗ ಬೊಮ್ಮರಸನ ಬಾಯಿ ತೆರೆಯುತ್ತಿತ್ತು. ಅಕ್ಕ ಹುಬ್ಬೇರಿಸಿದರೆ ಮುಚ್ಚುತ್ತಿತ್ತು. ಬರಬರುತ್ತ ಅವಳು ಹುಬ್ಬೇರಿಸುವುದನ್ನೂ ಮರೆತಳು. ಸಂಜೆಯಾದರೆ ಊರವರು ಅವರ ಜಗುಲಿಗೆ ಬಂದು ಕೂರುತ್ತಿದ್ದರು, ಹೇಳಲು ಏನಾದರೂ ಇದ್ದವರು.