ಎರಡು ಸೀಟಿನ ಕಾರು

“ಎರಡೇ ಸೀಟು!”

ಹಗ್ಗ ಕಟ್ಟಿ ಎಳೆದು ತಂದಿದ್ದ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನೊಳಗೆ ಬಗ್ಗಿ ನೋಡಿದ ಅತ್ತೆ ಗೇಟಿನ ಬಳಿಯೇ ಕುಸಿದು ಕುಳಿತರು. “ಮನೇಲಿರೋದು ಮೂರು ಜನ, ಕಾರಲ್ಲಿ ಎರಡೇ ಸೀಟು! ಇನ್ನು ಬಾಯಿಬಿಟ್ಟು ಬೇರೆ ಹೇಳಬೇಕೇನೋ? ಈ ಮುದುಕಿ ಬೇಡ ಅಂತ ಇಬ್ರೂ ಸೇರಿ ತೀರ್ಮಾನ ಮಾಡಿಬಿಟ್ರಲ್ಲೋ...!”

“ಅಯ್ಯೋ ಅಮ್ಮಾ, ಈ ಥರದ ಕಾರು ಇರೋದೇ ಹಾಗೆ...” ಮಗ ತಡವರಿಸಿದ. ಬೇಕರಿಯಲ್ಲಿ ಬೆಂಕಿಯ ಮುಂದೆ ನಿಂತು ಊರಿಗೆಲ್ಲ ಬ್ರೆಡ್ಡು ಸುಡುವ ಗಂಡಸು, ತಾಯಿಯ ಎದುರು ಮಾತ್ರ ಬರೀ ಹಸಿ ಹಿಟ್ಟು!

“ಅವರನ್ನ ಬೈಬೇಡಿ ಅತ್ತೆ. ಆಸೆಪಟ್ಟು ತಗೊಂಡಿದ್ದು ನಾನು,” ಎಂದಳು ಸೊಸೆ. ಅವಳು ಬಸ್ ಡಿಪೋದಲ್ಲಿ ಮೆಕ್ಯಾನಿಕ್. “ದಿನಾ ಇಂಜಿನ್ ರಿಪೇರಿ ಮಾಡ್ತೀನಿ, ಬೆಳಗಾದ್ರೆ ಇನ್ಯಾರೋ ಓಡಿಸ್ಕೊಂಡು ಹೋಗ್ತಾರೆ. ನಾನು ಸರಿಮಾಡಿದ್ದು ಒಂದಾದ್ರೂ ನನ್ನ ಕೈಲಿ ಓಡಲಿ ಅಂತ...”

“ಆಸೆಯಂತೆ ಆಸೆ! ಇಂಜಿನ್ನೇ ಸತ್ತಿರೋ ಗುಜರಿ ಡಬ್ಬ! ಕೇಳಿಸ್ಕೋ, ಇದು ಓಡಿದ ದಿನ ನಾನು ಗಂಟುಮೂಟೆ ಕಟ್ಕೊಂಡು ನನ್ನ ತಂಗಿ ಮನೆಗೆ ಹೊರಟೆ ಅಂತಾನೇ ತಿಳ್ಕೋ!”

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಆಡಿದ ಮಾತು ಆಡಿಯಾಗಿತ್ತು. ಅಂದಿನಿಂದ ಆ ಮನೆಯಲ್ಲಿ ನಗು ಎಂಬುದೇ ಇಲ್ಲ. ಸಂಜೆ ಡಿಪೋದಿಂದ ಬಂದು ಮನೆಗೆಲಸ ಮುಗಿಸಿ ಸೊಸೆ ಕಾರಿದ್ದ ಶೆಡ್ಡಿಗೆ ಹೋಗುವಳು. ಒಂದೊಂದು ಬೋಲ್ಟು ಸಡಿಲವಾದಾಗಲೂ ಅವಳಿಗೆ ಸುಖ. ಮರುಕ್ಷಣವೇ ಅತ್ತೆಯ ಮುಖ ನೆನಪಾಗಿ ಸಂಕಟ. “ಇದು ಓಡಿದ್ರೆ ಅಮ್ಮ ಹೋಗ್ತಾಳೆ. ಓಡದೇ ಇದ್ರೆ ನಿನ್ನ ಮುಖ ನೋಡೋಕಾಗಲ್ಲ. ನಾನೇನು ಮಾಡ್ಲಿ ಹೇಳೇ?” ಎಂದು ಗಂಡ ಅಳುಮುಖ ಮಾಡುತ್ತಿದ್ದ. ಪಾಪ, ಅತ್ತ ದರಿ ಇತ್ತ ಪುಲಿ!

ಇಂಜಿನ್ನಿನಿಂದ ಬಿಚ್ಚಿದ ವಾಲ್ವ್‌ಗಳನ್ನು ಅವಳು ಗಂಡ ತಂದುಕೊಟ್ಟ ಬನ್ನಿನ ಟ್ರೇಯಲ್ಲಿ, ಗುಳಿಗೊಂದರಂತೆ ಸಾಲಾಗಿ ಇಟ್ಟಿದ್ದಳು. “ಇವನ್ನ ಯಾರೂ ಮುಟ್ಟಬೇಡಿ. ಒಂದೊಂದೂ ಸವೆದು ಸವೆದು ತನ್ನ ಜಾಗಕ್ಕೇ ಹೊಂದ್ಕೊಂಡಿದೆ. ಅದಲುಬದಲಾದ್ರೆ ಇಂಜಿನ್ನಿಗೆ ಜೀವ ಬರಲ್ಲ,” ಎಂದು ಊಟದ ಹೊತ್ತಿನಲ್ಲಿ ಇಬ್ಬರಿಗೂ ಹೇಳಿದ್ದಳು.

ಮರುದಿನ ಸಂಜೆ ಶೆಡ್ಡಿಗೆ ಕಾಲಿಟ್ಟು ನೋಡಿದರೆ, ಟ್ರೇ ಖಾಲಿ! ವಾಲ್ವ್‌ಗಳೆಲ್ಲ ಸೋಪಿನ ನೀರಿನ ಟಬ್ಬಿನಲ್ಲಿ ಒಂದರ ಮೇಲೊಂದು ರಾಶಿ ಬಿದ್ದು ಪಳಪಳ ಹೊಳೆಯುತ್ತಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಪಕ್ಕದಲ್ಲಿ ಪಾತ್ರೆ ತಿಕ್ಕುವ ನಾರು ಹಿಡಿದು ಅತ್ತೆ ನಿಂತಿದ್ದರು.

“ಕೊಳೆಯಾಗಿತ್ತು... ತೊಳೆದೆ.”

“ನಿನ್ನೆ ತಾನೇ ಹೇಳಿದ್ನಲ್ಲ ಅತ್ತೆ! ಬೇಕಂತಲೇ ಮಾಡಿದ್ರಾ? ನಾನು ನಿಮಗೇನು ಮಾಡಿದ್ದೆ...?”

“ಹೌದು ಕಣೇ! ಬೇಕಂತಲೇ ಮಾಡಿದೆ!” ಅತ್ತೆ ಒಮ್ಮೆಗೇ ಬಿಕ್ಕಿದರು. “ಅದು ಓಡಬಾರದು ಅಂತಲೇ ಮಾಡಿದೆ! ಓಡಿದ್ರೆ ನಾನು ಹೋಗಬೇಕಲ್ಲ! ಸಿಟ್ಟಲ್ಲಿ ಏನೋ ಅಂದುಬಿಟ್ಟೆ... ಬೇಡ ಅಂತ ನೀವೂ ಒಂದು ಮಾತು ಅನ್ನಲಿಲ್ಲ. ತಂಗಿ ಮನೇಲಿ ನಾನು ಯಾರಿಗೆ ಬೇಕು ಹೇಳು? ಎಲ್ಲಿಗೆ ಹೋಗ್ಲಿ ನಾನು...?”

ಸೊಸೆ ಬೆಪ್ಪಾದಳು. ಹೌದಲ್ಲ! ಹೋಗಬೇಡಿ ಎಂದು ತಾನಾಗಲಿ ಗಂಡನಾಗಲಿ ಒಮ್ಮೆಯೂ ಹೇಳಿರಲಿಲ್ಲ. ಅವಳ ಸಿಟ್ಟೆಲ್ಲ ಕಣ್ಣೀರಾಗಿ ಇಳಿಯಿತು. ಅತ್ತೆಯ ಒದ್ದೆ ಕೈಗಳನ್ನು ಹಿಡಿದುಕೊಂಡಳು.

“ಹೋಗಬೇಡಿ ಅತ್ತೆ. ಕಾರು ಓಡಲಿ ಬಿಡಲಿ, ನೀವು ಹೋಗಬೇಡಿ.”

ಅಂದು ಇಬ್ಬರೂ ಮನಸಾರೆ ಅತ್ತರು. ಆಮೇಲೆ ಮೂಗೊರೆಸಿಕೊಂಡು ಅತ್ತೆಯೇ ಕೇಳಿದರು. “ಈಗ ಇದಕ್ಕೆ ದಾರಿ ಇಲ್ವೇನೇ?”

“ಇದೆ. ಒಂದೊಂದನ್ನೂ ತರಿತರಿ ಪೇಸ್ಟು ಹಚ್ಚಿ ಹೊಸದಾಗಿ ಅದರ ಜಾಗಕ್ಕೆ ಉಜ್ಜಬೇಕು. ಕೈ ಬಿದ್ದುಹೋಗುತ್ತೆ.”

“ಕೊಡು ಇಲ್ಲಿ. ಜೀವಮಾನವೆಲ್ಲ ತಿಕ್ಕಿದ್ದೇ ತಿಕ್ಕಿದ್ದು, ಇದೇನು ಮಹಾ!”

ವಾಲ್ವಿಗೆ ಅಂಟಿಸಿದ ಕಡ್ಡಿಯನ್ನು ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ತಿರುಗಿಸುತ್ತಾ ಅತ್ತೆ ದಿನಾ ಸಂಜೆ ಸೊಸೆಯ ಪಕ್ಕದಲ್ಲಿ ಕೂತರು. ಬಾಯಿ ಮಾತ್ರ ಸುಮ್ಮನಿರಲಿಲ್ಲ. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ! “ಇಷ್ಟು ಉಜ್ಜಿದ್ರೆ ಕಲ್ಲೂ ಕರಗುತ್ತೆ, ನಿನ್ನ ಕಾರು ಕರಗಲ್ವಲ್ಲೇ!” ಎನ್ನುವರು. ಸೊಸೆ ನಗುವಳು. ಟೀ ತಂದುಕೊಡುವ ಕೆಲಸ ಮಗನಿಗೆ ಬಿತ್ತು.

ಕೊನೆಗೂ ಇಂಜಿನ್ ಕೂಡಿಸಿದ ದಿನ ಬ್ಯಾಟರಿ ಕೈಕೊಟ್ಟಿತು. ತಳ್ಳಿಯೇ ಎಬ್ಬಿಸಬೇಕು. ಅತ್ತೆ ಗೇಟಿನ ಹತ್ತಿರ ಹಿಂದೆ ಸರಿದು ನಿಂತರು. “ನೀವಿಬ್ರೂ ಹೋಗಿಬನ್ನಿ...”

“ತಳ್ಳೋಕೆ ಒಬ್ಬರು ಬೇಕಲ್ಲ ಅತ್ತೆ. ನಿಮ್ಮ ಕೈಲಾಗುತ್ತಾ?”

“ನನ್ನ ಸೊಂಟಕ್ಕೆ ಆಗುತ್ತೇನೇ!”

“ಹಾಗಾದ್ರೆ ಹತ್ತಿ,” ಎಂದು ಸೊಸೆ ಬಾಗಿಲು ತೆಗೆದಳು.

ಮಗ ಏದುಸಿರು ಬಿಡುತ್ತಾ ತಳ್ಳಿದ. ಕಾರು ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು... ಆಮೇಲೆ ಬೀದಿಯೆಲ್ಲ ತಿರುಗಿ ನೋಡುವಂತೆ ಗುಡುಗಿತು! ಸೊಸೆಯ ಕಣ್ಣು ಮಂಜಾಯಿತು.

“ನಿಲ್ಲಿಸ್ರೇ! ನಾನೂ ಬರ್ತೀನಿ!” ಹಿಂದಿನಿಂದ ಮಗ ಓಡಿಬರುತ್ತಿದ್ದ.

“ನಿಲ್ಲಿಸಬೇಡ, ಆಮೇಲೆ ಸ್ಟಾರ್ಟ್ ಆಗದಿದ್ರೆ? ಅವನು ನಡ್ಕೊಂಡು ಮನೆಗೆ ಹೋಗ್ತಾನೆ ಬಿಡು.”

“ಎಲ್ಲಿಗೆ ಹೋಗೋಣ ಅತ್ತೆ?”

“ನನ್ನ ತಂಗಿ ಮನೆಗೆ.”

ಸೊಸೆಯ ಮುಖ ಕಳೆಗುಂದಿತು. ಅತ್ತೆ ಅವಳ ತೊಡೆ ತಟ್ಟಿದರು. “ಹೆದರ್ಕೋಬೇಡ ಕಣೇ ಹುಚ್ಚಿ! ಅವಳ ಬಾಗಿಲಲ್ಲಿ ಜೋರಾಗಿ ಹಾರ್ನ್ ಹೊಡಿ. ನಾನು ಇಳಿಯೋದೂ ಇಲ್ಲ. ನನ್ನ ಸೊಸೆ ಎಬ್ಬಿಸಿದ ಕಾರನ್ನ ಅವಳು ಕಣ್ತುಂಬ ನೋಡ್ಲಿ. ಆಮೇಲೆ ಹಾಗೇ ತಿರುಗಿಸ್ಕೊಂಡು ನಮ್ಮನೆಗೆ ಹೋಗೋಣ.”