ಸೊನ್ನೆ ಬಂದಿದೆ

ಬಂಡೆಯ ಎದೆಯೊಳಗೆ ಇಳಿಬಿಟ್ಟ ನೂರೆಂಟು ಕಿವಿಗಳು ಆಲಿಸುತ್ತಿದ್ದವು. 2061ರ ಆ ಬೆಳಗ್ಗೆ ಸೇಡಂ ಕಡೆಯ ಒಂದು ಸುಣ್ಣಕಲ್ಲಿನ ಗಣಿಯಲ್ಲಿ ಮದ್ದು ತುಂಬಿ ಆಗಿತ್ತು. ವಿಜ್ಞಾನಿ ನೀಲಗಂಗಾ ಕಂಡುಹಿಡಿದ ‘ಉಸಿರುಗಾವಲು’ ಯಂತ್ರ, ಈ ಕಿವಿಗಳಿಗೆ ಎಲ್ಲಿ ಮನುಷ್ಯನ ಉಸಿರು ಕೇಳಿದರೂ ಆ ಜಾಗದ ಹೆಸರಿನಲ್ಲಿ ಒಂದು ಕಡತ ಬರೆದಿಡುತ್ತಿತ್ತು. ಸಿಡಿಸುವ ಮುಂಚೆ ಗಣಕದ ಒಂದು ಆಜ್ಞೆ ಅಂಥ ಕಡತಗಳನ್ನು ಹುಡುಕಿ, ಮುಗಿಸಿ ಹೊರಡುವಾಗ ಒಂದು ಅಂಕಿ ಬಿಟ್ಟುಹೋಗುತ್ತಿತ್ತು. ಸೊನ್ನೆ ಬಂದರೆ ಕೆಳಗೆ ಯಾರೂ ಇಲ್ಲ, ಕೆಲವು ನಿಮಿಷದಲ್ಲಿ ಮದ್ದು ತಾನಾಗಿ ಹೊತ್ತಿಕೊಳ್ಳಲಿ ಎಂದು ಅವಳು ಬರೆದಿದ್ದಳು.

ಮದ್ದಿನ ಮೇಸ್ತ್ರಿ ಹುಸೇನಸಾಬನ ತಮ್ಮ ಮೌಲಾಲಿ ಇನ್ನೂ ಮೇಲೆ ಬಂದಿರಲಿಲ್ಲ. ಮೊದಲಿನಂತೆ ಅಂಚಿಗೆ ನಿಂತು ಮೂರು ಸಲ ಕೂಗಿ ಬರುತ್ತೇನೆಂದು ಮೇಸ್ತ್ರಿ ಹಟ ಹಿಡಿದ.

“ನಮ್ಮ ಮೌಲಾ ಉಸುರಾಡಿದ್ರ ಗೊರಕಿ ಹೊಡದಂಗ ಇರ್ತದ. ಅದೂ ಕೇಳಸಿಲ್ಲೇನ್ರಿ ಮೇಡಮ್ಮಾರ, ನಿಮ್ಮ ಕಿವಿಗುಳಿಗಿ?”

“ಸೊನ್ನಿ ಬಂದದರಿ, ಮೇಸ್ತ್ರಿ. ಅವ ಮನೀಗಿ ಹೋಗಿರಬೇಕು,” ಎಂದಳು ಪರದೆಯ ಮುಂದೆ ಕೂತಿದ್ದ ನೀಲಗಂಗಾ.

ಅವನು ಹತ್ತು ಹೆಜ್ಜೆ ಹೋಗಿರಲಿಲ್ಲ, ನೆಲ ಎದ್ದು ನಿಂತಿತು. ಕಲ್ಲುಗಳು ಅವಳು ಕೂತಿದ್ದ ತಗಡಿನ ಮಾಡನ್ನು ತೂತು ತೂತು ಮಾಡಿದವು. ಬಿಳಿ ಧೂಳು ಕೂತ ಮೇಲೆ ಕೆಳಗೆ ಸುಣ್ಣದ ಕೆಸರು ಕೆಂಪಗಿತ್ತು. ಮೊದಲು ಸಿಕ್ಕಿದ್ದು ಮೊಣಕಾಲಿನ ಕೆಳಗಿನ ಭಾಗ, ಬೂಟಿನ ಸಮೇತ. ಉಗುರು ಕಿತ್ತುಹೋಗುವವರೆಗೆ ಕೆದರಿದ ಹುಸೇನಸಾಬ ಮೇಲೆ ಬಂದವನೇ ನೀಲಗಂಗಾಳ ಬಾಯಿಗೆ ಗುದ್ದಿದ. ಹಲ್ಲು ಮುರಿಯಿತು. ಕೂದಲು ಹಿಡಿದು ಅವಳ ಮುಖವನ್ನು ಪರದೆಗೆ ಒತ್ತಿ, ಓದು ಎಂದ.

ಅವಳು ಕಡತಗಳ ಪಟ್ಟಿ ತೆರೆದಳು. ಅಲ್ಲಿ ಒಂದೇ ಹೆಸರಿತ್ತು: ‘ಮೂಡಣ ಮೂಲೆ, ಉಸಿರು ಒಂದು’. ಆಜ್ಞೆ ಅದನ್ನು ಹುಡುಕಿತ್ತು, ಹೆಸರನ್ನೂ ಬರೆದು ತೋರಿಸಿತ್ತು. ಆ ಸಾಲನ್ನು ಯಾರೂ ಓದಿರಲಿಲ್ಲ.

“ಹಂಗಾರ ಸೊನ್ನಿ ಅಂದ್ರೇನು?”

“ಹುಡುಕೋ ಕೆಲಸ ತೊಂದ್ರಿ ಇಲ್ದ ಮುಗೀತು ಅಂತ,” ಎಂದಳು ನೆತ್ತರು ನುಂಗುತ್ತ. “ಮನುಷ್ಯಾ ಸಿಕ್ಕರೂ ಸೊನ್ನಿನೇ, ಸಿಗದಿದ್ರೂ ಸೊನ್ನಿನೇ.”

ಕಿವಿಗಳನ್ನು ಪರೀಕ್ಷಿಸಿದ್ದಳು. ಮದ್ದನ್ನು ಬರಿದಾದ ಗುಂಡಿಯಲ್ಲಿ ಪರೀಕ್ಷಿಸಿದ್ದಳು. ಎರಡನ್ನೂ ಜೋಡಿಸಿ ನೋಡಲು ಮದ್ದಿನ ಮುಂದೆ ಯಾರನ್ನು ನಿಲ್ಲಿಸುವುದು?

ಅವನು ಕೈಬಿಟ್ಟ. ಇದೇ ಯಂತ್ರವಿದ್ದ ಇನ್ನೂ ಹನ್ನೊಂದು ಗಣಿಗಳಿಗೆ ಅವಳು ಫೋನು ಹಚ್ಚಿದಳು. ಒಂಬತ್ತು ಸಿಡಿಯುವ ಮುಂಚೆ ನಿಂತವು.

ವಿಚಾರಣೆಯ ಹೊತ್ತಿಗೆ ಇನ್ನೊಂದು ಸಂಗತಿ ತಿಳಿಯಿತು. ಕಡತ ಹುಡುಕಿ, ಸೊನ್ನೆ ಬಂದರೆ ಮುಂದಿನ ಕೆಲಸ ನಡೆಸುವ ಆ ಆಜ್ಞೆಯ ಸಾಲು ಅವಳೇ ರಚಿಸಿದ್ದಲ್ಲ, ಎಲ್ಲಿಂದಲೋ ಎತ್ತಿಕೊಂಡದ್ದು. ಮೂವತ್ತೈದು ವರ್ಷಗಳ ಹಿಂದೆ ಯಾವುದೋ ಕಚೇರಿಯಲ್ಲಿ ಯಾರೋ ಹಳೆಯ ಕಡತ ಅಳಿಸಲೆಂದು ಅದನ್ನು ಬರೆದಿದ್ದರು. ಒಮ್ಮೆ ಓಡಿಸಿ ನೋಡಿದರು, ಓಡಿತು. ಊಟದ ಹೊತ್ತಾಗಿತ್ತು, ಎದ್ದುಹೋದರು.