ತಂಡದಿಂದ ಕೈಬಿಟ್ಟವನ ಪರವಾಗಿ

ಈಶ್ವರ್ ಹೆಣ್ಣು ನೋಡಲು ರೊಳ್ಳಕ್ಕೆ ಬಂದ ದಿನವೇ ವಿದೇಶ ಪ್ರವಾಸದ ಕ್ರಿಕೆಟ್ ತಂಡವನ್ನು ಪ್ರಕಟಿಸಿದರು. ಲಕ್ಷ್ಮೀನರಸಪ್ಪನವರ ನಡುಮನೆಯಲ್ಲಿ ಟಿ.ವಿ. ಸಣ್ಣ ಸದ್ದಿನಲ್ಲಿ ನಡೆಯುತ್ತಲೇ ಇತ್ತು. ಅವರ ಮಗಳು ಗಂಗೋತ್ರಿ ಕಾಫಿ ತಂದು ಎಲ್ಲರಿಗೂ ಕೊಟ್ಟಳು. ಈಶ್ವರನ ಮುಂದೆ ಬಂದಾಗ ಅವಳ ಕಣ್ಣು ಅವನ ಮುಖ ದಾಟಿ ಟಿ.ವಿ.ಯ ಮೇಲೆ ನಿಂತಿತು.

ನಾಚಿ ತಲೆ ತಗ್ಗಿಸುವ ಹುಡುಗಿಯನ್ನು ಎದುರುನೋಡಿದ್ದವನಿಗೆ, ಹುಬ್ಬು ಗಂಟಿಕ್ಕಿ ಸ್ಕ್ರೀನ್ ಓದುತ್ತಿದ್ದ ಆ ಮುಖ ಒಮ್ಮೆಲೇ ಇಷ್ಟವಾಗಿಬಿಟ್ಟಿತು.

“ಅವನನ್ನ ತೆಗ್ದವ್ರೆ,” ಎಂದಳು, ತನಗೆ ತಾನೇ.

ತಂಡದ ಅತ್ಯುತ್ತಮ ಬ್ಯಾಟ್ಸ್‌ಮನ್ ಅವನು. ಹೆಂಡತಿಯ ಹೆರಿಗೆಗೆಂದು ತರಬೇತಿ ಶಿಬಿರ ಬಿಟ್ಟು ಹೋಗಿದ್ದ. ಅನುಮತಿಗೆ ಕಾಯದೆ, ಕ್ಯಾಪ್ಟನ್‌ಗೆ ಒಂದು ಫೋನ್ ಮಾಡಿ ಹೊರಟುಬಿಟ್ಟ ಎಂಬುದೇ ಆರೋಪ. ಶಿಸ್ತು ಮುರಿದನೆಂದು ಕೈಬಿಟ್ಟಿದ್ದರು.

ಇಬ್ಬರೂ ಮಾತಾಡಿಕೊಳ್ಳಲೆಂದು ಹಿರಿಯರು ಜಗಲಿಗೆ ಕಳಿಸಿದರು. ಬಿ.ಎಸ್ಸಿ. ಮುಗಿಸಿ ಅಪ್ಪನ ಜೊತೆ ರೇಷ್ಮೆ ಹುಳ ಸಾಕುತ್ತಿರುವುದಾಗಿ ಅವಳು ಹೇಳಿದಳು. ರಾಯದುರ್ಗದ ಜೀನ್ಸ್ ಯೂನಿಟ್ಟೊಂದರಲ್ಲಿ ಸೂಪರ್‌ವೈಸರ್ ಎಂದು ಅವನು ಹೇಳಿದ. ಆಮೇಲೆ, ಆ ಹುಬ್ಬಿನ ಗಂಟನ್ನು ಮತ್ತೊಮ್ಮೆ ನೋಡುವ ಆಸೆಗೋ ಏನೋ, ಆ ಬ್ಯಾಟ್ಸ್‌ಮನ್‌ನನ್ನು ತೆಗೆದದ್ದು ಸರಿಯೇ ಎಂದುಬಿಟ್ಟ.

ಅಲ್ಲಿಂದ ಮಾತು ಬಿಸಿಯಾಯಿತು. ಆ ಜಾಗಕ್ಕೆ ಬಂದವನ ಆಟ ನೋಡಿದ್ದೀರಾ ಎಂದು ಅವಳು ಕೇಳಿದಳು. ಆಟ ಬೇರೆ, ಶಿಸ್ತು ಬೇರೆ ಎಂದು ಅವನು. ಪಾರ್ಟಿಯಲ್ಲಿ ಕುಡಿದು ಸಿಕ್ಕಿಬಿದ್ದ ಬೌಲರ್‌ನನ್ನು ಉಳಿಸಿಕೊಂಡವರಿಗೆ ಶಿಸ್ತು ಈಗ ನೆನಪಾಯಿತೇ ಎಂದು ಅವಳು. ಅವಳ ಮೂಗಿನ ತುದಿ ಕೆಂಪಾಗಿತ್ತು. ಮಾತಿಗೊಮ್ಮೆ ಜುಮಕಿ ಅಲುಗುತ್ತಿತ್ತು. ಈಶ್ವರ್ ಸೋಲುತ್ತಿದ್ದ, ಸೋಲುವುದು ಅವನಿಗೆ ರೂಢಿಯಿರಲಿಲ್ಲ.

“ರೂಲ್ಸ್ ಅಂದ್ರ ರೂಲ್ಸ್ ರೀ. ಹೆರಿಗಿ ಮಾಡ್ಸೋಕ ಡಾಕ್ಟರ್ ಇರ್ತಾರ. ಇವ ಹೋಗಿ ಮಾಡೋದೇನೈತಿ?”

ಗಂಗೋತ್ರಿ ಮೊದಲ ಬಾರಿಗೆ ನೇರವಾಗಿ ಅವನ ಕಣ್ಣು ನೋಡಿದಳು. ಆ ನೋಟದಲ್ಲಿ ಕ್ರಿಕೆಟ್ ಇರಲಿಲ್ಲ.

“ನಾಳೆ ನಾನು ಆಸ್ಪತ್ರೇಲಿದ್ರೂ ಹಿಂಗೇ ಅಂತೀರಾ?”

ಅವನು ಅರ್ಜೆಂಟ್ ಆರ್ಡರ್ ಇದ್ದರೆ ರಜೆ ಸಿಗುವುದು ಕಷ್ಟ ಎಂದ. ಅವಳು ಎದ್ದು ಒಳಗೆ ಹೋಗಿ, ಎಲ್ಲರ ಎದುರೇ, ಈ ಸಂಬಂಧ ಬೇಡವೆಂದಳು. ತಾಯಿ ಕೆಂಪಕ್ಕ ಗದರಿದರೂ ಮಾತು ಬದಲಿಸಲಿಲ್ಲ.

ಬಸ್ಸಿನಲ್ಲಿ ಈಶ್ವರ್ ಕುದಿಯುತ್ತಿದ್ದ. ಜಗಲಿಯ ಮಾತನ್ನೆಲ್ಲ ಹೇಳಿಕೊಂಡು, ಹುಡುಗಿಗೆ ಕೊಬ್ಬು ಎಂದು ಬೈದ. ಪಕ್ಕದಲ್ಲಿ ಕೂತಿದ್ದ ತಾಯಿ ಮೈಲಾರಮ್ಮ ಮಡಕಶಿರಾ ದಾಟುವವರೆಗೂ ಅದನ್ನೆಲ್ಲ ಕೇಳಿಸಿಕೊಂಡಳು.

“ಬಾಯಿ ಮುಚ್ಚಲೇ,” ಎಂದಳು ಆಮೇಲೆ. “ನೀ ಹುಟ್ಟಿದಾಗ ನಿಮ್ಮಪ್ಪ ನಮ್ಮೂರ ಹತ್ರಾನ, ಭೈರವಾನಿತಿಪ್ಪದ ಕಡೆ, ಕುರಿ ಹಿಂದಿದ್ದ. ಹೇಳಿ ಕಳಿಸಿದ್ರೂ ಬರ್ಲಿಲ್ಲ. ಸೂಲಗಿತ್ತಿ ಅದಾಳಲ್ಲ, ನಾ ಬಂದು ಏನ್ ಮಾಡ್ಲಿ ಅಂದನಂತ. ನಾ ಸತ್ತು ಬದುಕಿದೆ. ಆ ಸಿಟ್ಟು ಇವತ್ತಿಗೂ ನನ್ನ ಹೊಟ್ಟ್ಯಾಗ ಐತಿ. ನನ್ನ ಮಾತು ಆ ಹುಡುಗಿ ಆಡಿದ್ಲು.”

ಈಶ್ವರ್ ಹೊರಗಿನ ಕಡಲೆಕಾಯಿ ಹೊಲಗಳನ್ನು ನೋಡುತ್ತ ಕೂತ. ಮೊದಲು ಅಪ್ಪನ ಮೇಲೆ ಸಿಟ್ಟು ಬಂತು. ಆಮೇಲೆ, ಅದೇ ಮಾತಾಡಿದ ತನ್ನ ಬಾಯಿಯ ಮೇಲೆ.

ಪ್ರವಾಸದಲ್ಲಿ ತಂಡ ಹೀನಾಯವಾಗಿ ಸೋತಿತು. ರಾಯದುರ್ಗದ ಟೀ ಅಂಗಡಿಗಳಲ್ಲಿ, ವಾಟ್ಸಾಪ್ ಗ್ರೂಪುಗಳಲ್ಲಿ ಆಯ್ಕೆ ಸಮಿತಿಗೆ ಬೈಗುಳವೋ ಬೈಗುಳ. ನಿನ್ನೆಯವರೆಗೆ ಶಿಸ್ತು ಎಂದವರೇ ಈಗ ಕೈಬಿಟ್ಟವನನ್ನು ಕರೆಸಿ ಎಂದು ಕೂಗುತ್ತಿದ್ದರು. ಈಶ್ವರನಿಗೆ ಮೈ ಉರಿಯಿತು. ತಂಡ ಗೆದ್ದಿದ್ದರೆ ಆ ಮನುಷ್ಯ ಹೆಂಡತಿಯ ಬಳಿ ಹೋದದ್ದು ಇವರಿಗೆ ತಪ್ಪಾಗಿಯೇ ಉಳಿಯುತ್ತಿತ್ತಲ್ಲ.

ಇದನ್ನು ಯಾರೊಂದಿಗಾದರೂ ವಾದಿಸಬೇಕು ಅನ್ನಿಸಿದಾಗಲೆಲ್ಲ ಒಂದೇ ಮುಖ ಕಣ್ಣಮುಂದೆ ಬರುತ್ತಿತ್ತು. ಹೊಲಿಗೆ ಯಂತ್ರಗಳ ಗದ್ದಲದಲ್ಲಿ ಅವನು ಮನಸ್ಸಿನಲ್ಲೇ ಅವಳೊಂದಿಗೆ ಜಗಳವಾಡುತ್ತಿದ್ದ. ಅವಳ ಉತ್ತರಗಳನ್ನೂ ತಾನೇ ಕೊಟ್ಟುಕೊಳ್ಳುತ್ತಿದ್ದ.

ಕೊನೆಗೊಂದು ದಿನ ರಜೆ ಕೇಳಿದ. ಮಾಲು ಕಳಿಸುವ ದಿನ ಸೂಪರ್‌ವೈಸರ್ ಹೋಗುವ ಹಾಗಿಲ್ಲ ಎಂದು ಮಾಲೀಕ ಕೊಡಲಿಲ್ಲ. ಹೋಗುತ್ತೇನೆ ಎಂದಷ್ಟೇ ಹೇಳಿ ಈಶ್ವರ್ ಬಸ್ ಹತ್ತಿದ.

ಗಂಗೋತ್ರಿ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ಬದುವಿನ ಮೇಲೆ ಅವನನ್ನು ಕಂಡು ಕುಡುಗೋಲು ಹಿಡಿದ ಕೈ ನಿಂತಿತು. ಟೀಮ್ ಸೋತಿತೆಂದು ತಪ್ಪೊಪ್ಪಿಕೊಳ್ಳಲು ಬಂದಿರಾ ಎಂದು ಕೇಳಿದಳು. ಕ್ರಿಕೆಟ್ಟಿಗಾಗಿ ಸಂಬಂಧ ಕೆಡಿಸಿಕೊಂಡವಳೆಂದು ಊರು ನಗುತ್ತಿದೆ, ಅಪ್ಪ ಮಾತು ಬಿಟ್ಟಿದ್ದಾರೆ, ಈಗ ನೀವೊಬ್ಬರು ಬಾಕಿಯಿದ್ದಿರಿ ಎಂದಳು.

“ಟೀಮ್ ಗೆದ್ದಿದ್ರೂ ನಾ ಅಂದಿದ್ದು ತಪ್ಪೇ ರೀ,” ಎಂದ ಈಶ್ವರ್.

ಬಸ್ಸಿನಲ್ಲಿ ತಾಯಿ ಹೇಳಿದ್ದನ್ನು ಹೇಳಿದ. ರಜೆಯಿಲ್ಲದೆ ಬಂದದ್ದನ್ನೂ ಹೇಳಿದ. ಅವಳು ಕುಡುಗೋಲನ್ನು ಕೆಳಗಿಟ್ಟಳು.

“ಕೆಲಸ ಹೋದ್ರೆ?”

“ಹೋಗ್ಲಿ. ನಾ ತಪ್ಪು ಮಾತಾಡಿದಾಗ ಎದ್ದು ಹೋಗೋರು ನೀವೊಬ್ರೇ. ನೀವು ಬೈದಿದ್ದು ಬಿಟ್ರ ನನಗ ಬ್ಯಾರೆ ಏನೂ ಕೇಳಿಸವಲ್ದು ರೀ.”

ಅವಳು ಬೇಗನೆ ಮುಖ ತಿರುಗಿಸಿಕೊಂಡಳು. ಮೂಗಿನ ತುದಿ ಮತ್ತೆ ಕೆಂಪಾಗಿತ್ತು. ಸಿಟ್ಟಿಗೋ, ಅಳುವಿಗೋ ಅವನಿಗೆ ತಿಳಿಯಲಿಲ್ಲ. ಬಗ್ಗಿ ಸೊಪ್ಪಿನ ಹೊರೆಯನ್ನು ಬಿಗಿದು ಕಟ್ಟಿ, ಅವನ ಕಡೆ ನೂಕಿದಳು.

“ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಾಕೆ ವರ್ಷಗಳೇ ಬೇಕು. ಅಷ್ಟು ಕಾಲ ಜೊತೇಲಿರಂಗಿದ್ರೆ ಎತ್ಕಳಿ. ಹುಳ ಹಸ್ದವೆ.”

ಈಶ್ವರ್ ಹೊರೆಯನ್ನು ತಲೆಗೇರಿಸಿಕೊಂಡ. ಅವಳು ಬಿರಬಿರನೆ ಮುಂದೆ ನಡೆದಳು. ತೋಟದ ಅಂಚಿನಲ್ಲಿ ಹೆಜ್ಜೆ ನಿಧಾನ ಮಾಡಿ, ತಿರುಗಿ ನೋಡದೆಯೇ, ಅವನು ಜೊತೆಯಾಗುವವರೆಗೂ ನಿಂತಳು.